ಕಾವೇರಿಯ ನಡುಗಡ್ಡೆಗಳಲ್ಲಿ ರಜೆ: ನಿಸರ್ಗಧಾಮ, ಶ್ರೀರಂಗಪಟ್ಟಣ, ಶಿವನಸಮುದ್ರ – ಯಾವುದು ಯಾರಿಗೆ?

ಬೆಂಗಳೂರು ಅಥವಾ ಮೈಸೂರಿನಿಂದ ಎರಡು ಮೂರು ದಿನಗಳ ಬಿಡುವಿಗೆ ಹೊರಟು, ಸುತ್ತಲೂ ನದಿ ಹರಿಯುವ ಜಾಗದಲ್ಲಿ ಕಾಲ ಕಳೆಯಬೇಕೆನ್ನುವವರ ಮುಂದೆ ಸಾಮಾನ್ಯವಾಗಿ ಮೂರು ಹೆಸರುಗಳು ಬರುತ್ತವೆ: ಕೊಡಗಿನ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ, ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ಮತ್ತು ಮಂಡ್ಯ–ಚಾಮರಾಜನಗರ ಜಿಲ್ಲೆಗಳ ಗಡಿಯಲ್ಲಿರುವ ಶಿವನಸಮುದ್ರ. ಮೂರೂ ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವಲ್ಲಿ ಉಂಟಾದ ನಡುಗಡ್ಡೆಗಳು. ಆದರೆ ಒಂದು ಬಿದಿರಿನ ತೋಪು, ಇನ್ನೊಂದು ರಾಜಧಾನಿಯಾಗಿದ್ದ ಊರು, ಮತ್ತೊಂದು ಜಲಪಾತಗಳ ತವರು. ಒಂದರಲ್ಲಿ ಸಿಗುವ ಸುಖ ಇನ್ನೊಂದರಲ್ಲಿ ಸಿಗುವುದಿಲ್ಲ. ಫೋಟೊಗಳನ್ನು ನೋಡಿ ಆರಿಸಿದವರು ತಪ್ಪು ತಿಂಗಳಲ್ಲಿ ಹೋಗಿ, ಮುಚ್ಚಿದ ಗೇಟಿನ ಮುಂದೆ ನಿಲ್ಲುವುದೋ ಒಣಬಂಡೆ ನೋಡಿ ಹಿಂತಿರುಗುವುದೋ ಆಗುತ್ತದೆ. ಹಾಗಾಗಬಾರದೆಂಬ ಕಾಳಜಿಯಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಿ, ಆಮೇಲೆ ನಡುಗಡ್ಡೆಯನ್ನು ಆರಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

ಯಾವ ಅಳತೆಗೋಲಿನಿಂದ ನೋಡಬೇಕು

ನಡುಗಡ್ಡೆಯ ವಿಷಯದಲ್ಲಿ ಮೊದಲ ಅಳತೆಗೋಲು ನೀರು. ಆ ಜಾಗಕ್ಕೆ ಬರುವ ನೀರಿಗೆ ಮೇಲ್ಭಾಗದಲ್ಲಿ ಅಣೆಕಟ್ಟಿನ ತಡೆ ಇದೆಯೇ, ನೀರು ಯಾವ ತಿಂಗಳಲ್ಲಿ ಏರುತ್ತದೆ, ಏರಿದಾಗ ಪ್ರವಾಸಿಗರಿಗೆ ಏನು ಉಳಿಯುತ್ತದೆ ಎಂಬುದನ್ನು ತಿಳಿದರೆ ಅರ್ಧ ತೀರ್ಮಾನ ಆದಂತೆಯೇ. ಎರಡನೆಯದು, ರಾತ್ರಿ ನಿಜವಾಗಿಯೂ ನಡುಗಡ್ಡೆಯ ಮೇಲೆ ತಂಗಬಹುದೇ ಅಥವಾ ಎದುರು ದಡದಲ್ಲಿ ಕೋಣೆ ಹಿಡಿದು ಹಗಲಿನಲ್ಲಿ ಮಾತ್ರ ಹೋಗಿಬರಬೇಕೇ ಎಂಬುದು. ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಮಸುಕಾಗಿರುತ್ತದೆ. ಮೂರನೆಯದು, ಜೊತೆಯಲ್ಲಿ ಯಾರಿದ್ದಾರೆ ಎಂಬುದು. ಮಂಡಿನೋವಿರುವ ಹಿರಿಯರು, ಓಡಾಡುವ ಪುಟ್ಟ ಮಕ್ಕಳು, ಇತಿಹಾಸ ಓದಿಕೊಂಡ ಸ್ನೇಹಿತರು – ಇವರೆಲ್ಲರಿಗೂ ಒಂದೇ ಜಾಗ ಒಪ್ಪುವುದು ಅಪರೂಪ. ಹೋಗಿಬರುವ ದಾರಿ ಮತ್ತು ಖರ್ಚು ನಂತರ ಬರುತ್ತವೆ. ಖರ್ಚನ್ನು ಕೊನೆಯಲ್ಲಿಟ್ಟಿರುವುದಕ್ಕೆ ಕಾರಣವಿದೆ: ಮೂರು ಕಡೆಯೂ ಕಡಿಮೆ ಹಣದಲ್ಲಿ ನೋಡಿ ಬರುವ ದಾರಿ ಇದೆ, ಆದರೆ ತಪ್ಪು ಕಾಲದಲ್ಲಿ ಹೋದರೆ ಎಷ್ಟು ಹಣ ಸುರಿದರೂ ಪ್ರಯೋಜನವಿಲ್ಲ.

ನೀರಿನ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಿಸರ್ಗಧಾಮದ ಮೇಲ್ಭಾಗದಲ್ಲಿ ಕಾವೇರಿಗೆ ಅಣೆಕಟ್ಟಿಲ್ಲ. ಹಾರಂಗಿ ಹೊಳೆಗೆ ಜಲಾಶಯವಿದೆಯಾದರೂ ಅದು ಕಾವೇರಿಯನ್ನು ಸೇರುವುದು ಕುಶಾಲನಗರದಿಂದ ಕೆಳಗೆ, ಕೂಡಿಗೆಯಲ್ಲಿ. ಆದ್ದರಿಂದ ತಲಕಾವೇರಿ, ಭಾಗಮಂಡಲದ ಕಡೆ ರಾತ್ರಿ ಸುರಿದ ಮಳೆ ಯಾವ ತಡೆಯೂ ಇಲ್ಲದೆ ನಿಸರ್ಗಧಾಮಕ್ಕೆ ಬಂದು ಮುಟ್ಟುತ್ತದೆ. ಶ್ರೀರಂಗಪಟ್ಟಣದ ಸ್ಥಿತಿ ಬೇರೆ. ಅಲ್ಲಿಯ ನೀರನ್ನು ಸ್ವಲ್ಪವೇ ಮೇಲಿರುವ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟು, ನಿರ್ಧರಿಸುತ್ತದೆ. ಕೃಷ್ಣರಾಜಸಾಗರದ ಮಟ್ಟ 124.80 ಅಡಿಯ ಗರಿಷ್ಠ ಮಿತಿಯ ಹತ್ತಿರ ಬಂದಾಗ ಹೊರಹರಿವನ್ನು ಹೆಚ್ಚಿಸುತ್ತಾರೆ, ಪತ್ರಿಕೆಗಳಲ್ಲಿ ಕ್ಯುಸೆಕ್ ಲೆಕ್ಕ ಬರುತ್ತದೆ, ನದಿಪಾತ್ರದ ಜನರಿಗೆ ಎಚ್ಚರಿಕೆ ಹೋಗುತ್ತದೆ. ಶಿವನಸಮುದ್ರಕ್ಕೆ ಕನ್ನಂಬಾಡಿಯ ನೀರಿನ ಜೊತೆಗೆ ತಿರುಮಕೂಡಲು ನರಸೀಪುರದಲ್ಲಿ ಸೇರುವ ಕಪಿಲೆಯ, ಅಂದರೆ ಕಬಿನಿ ಜಲಾಶಯದ ನೀರೂ ಬರುತ್ತದೆ. ಕಬಿನಿ ಸಾಮಾನ್ಯವಾಗಿ ಕನ್ನಂಬಾಡಿಗಿಂತ ಬೇಗ ತುಂಬುವುದರಿಂದ ಜಲಪಾತಗಳು ಅದಕ್ಕೆ ಮೊದಲೇ ಜೀವ ಪಡೆಯುವುದುಂಟು. ಹೀಗಾಗಿ ಆಗಸ್ಟ್ ತಿಂಗಳ ಒಂದೇ ವಾರದಲ್ಲಿ ಶಿವನಸಮುದ್ರ ತನ್ನ ಪೂರ್ಣ ವೈಭವದಲ್ಲಿರುತ್ತದೆ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿವಿಹಾರ ನಿಂತಿರುತ್ತದೆ, ನಿಸರ್ಗಧಾಮದ ಗೇಟು ಮುಚ್ಚಿರುತ್ತದೆ.

ನಿಸರ್ಗಧಾಮ: ನೆರಳು, ಬಿದಿರು, ತೂಗುಸೇತುವೆ

ರೆಸಾರ್ಟ್ ಎಂಬ ಮಾತಿಗೆ ಮೂರರಲ್ಲಿ ಹೆಚ್ಚು ಹತ್ತಿರವಾದದ್ದು ಇದು. ಸುಮಾರು 64 ಎಕರೆಯ ಈ ನಡುಗಡ್ಡೆ ಅರಣ್ಯ ಇಲಾಖೆಯ ವಶದಲ್ಲಿದೆ. ಮೈಸೂರು–ಮಡಿಕೇರಿ ಹೆದ್ದಾರಿಯ ಪಕ್ಕದಲ್ಲಿಯೇ ಪ್ರವೇಶದ್ವಾರವಿದ್ದು, ಟಿಕೆಟ್ ಪಡೆದು ತೂಗುಸೇತುವೆ ದಾಟಿದರೆ ಹೆದ್ದಾರಿಯ ಸದ್ದು ಹಿಂದೆ ಉಳಿಯುತ್ತದೆ. ಒಳಗೆ ದಟ್ಟವಾದ ಬಿದಿರುಮೆಳೆಗಳಿವೆ, ತೇಗ ಮತ್ತು ಗಂಧದ ಮರಗಳಿವೆ, ಜಿಂಕೆಗಳಿಗೆ ಆವರಣವಿದೆ. ಬಿದಿರಿನ ತೋಪಿನಲ್ಲಿ ಗಾಳಿ ಬೀಸಿದಾಗ ಗಳುಗಳು ಒಂದಕ್ಕೊಂದು ಉಜ್ಜಿ ಕಿರ್ರೆನ್ನುವ ಸದ್ದು, ನೆಲದ ಮೇಲೆ ಹಾಸಿದ ಒಣಎಲೆಗಳು, ಮಧ್ಯಾಹ್ನ ಹನ್ನೆರಡಕ್ಕೂ ನೆಲಕ್ಕೆ ತಲುಪದ ಬಿಸಿಲು – ಏಪ್ರಿಲ್ ತಿಂಗಳಲ್ಲಿ ಬಯಲುಸೀಮೆಯಿಂದ ಬಂದವರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ.

ಇತಿಹಾಸ ಹುಡುಕುವವರಿಗೆ ಇಲ್ಲಿ ಹೆಚ್ಚೇನೂ ಇಲ್ಲ. ಕೋಟೆಯಿಲ್ಲ, ಗುಡಿಯಿಲ್ಲ, ಕಾಡನ್ನು ಕಾಡಾಗಿಯೇ ಉಳಿಸಿಕೊಂಡು ಜನರನ್ನು ಒಳಬಿಟ್ಟಿರುವ ತಾಣ ಇದು, ಅದೇ ಇದರ ಗುಣ. ಆದರೆ ಸುತ್ತಮುತ್ತ ನೋಡುವಂಥದ್ದು ಬೇಕಷ್ಟಿದೆ. ಕೆಲವೇ ಕಿಲೋಮೀಟರ್ ದೂರದಲ್ಲಿ ಬೈಲಕುಪ್ಪೆಯ ಟಿಬೆಟಿಯನ್ ನೆಲೆ ಮತ್ತು ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಬಣ್ಣದ ಬೃಹತ್ ಬುದ್ಧಮೂರ್ತಿಗಳು, ಸುಮಾರು 15 ಕಿ.ಮೀ. ದೂರದಲ್ಲಿ ದುಬಾರೆಯ ಆನೆ ಶಿಬಿರ, ಸುಮಾರು 30 ಕಿ.ಮೀ. ದೂರದಲ್ಲಿ ಮಡಿಕೇರಿ. ದುಬಾರೆಯಲ್ಲಿ ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಆನೆಗಳನ್ನು ಹೊಳೆಗಿಳಿಸಿ ಮೈತಿಕ್ಕುವುದನ್ನು ನೋಡಲು ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ಮೈಸೂರು ದಸರಾಕ್ಕೆ ಹೋಗುವ ಆನೆಗಳಲ್ಲಿ ಕೆಲವು ಈ ಶಿಬಿರದವು.

ತಂಗುವ ವಿಷಯಕ್ಕೆ ಬಂದರೆ, ನಿಸರ್ಗಧಾಮದೊಳಗೆ ಅರಣ್ಯ ಇಲಾಖೆಯ ಕುಟೀರಗಳಿವೆ. ಸಂಜೆ ಹಗಲುಪ್ರವಾಸಿಗರು ಹೊರಟ ಮೇಲೆ ನಡುಗಡ್ಡೆ ತಂಗಿದವರ ಪಾಲಿಗಷ್ಟೇ ಉಳಿಯುತ್ತದೆ. ಮೂರು ಜಾಗಗಳಲ್ಲಿ ನದಿಯ ನಡುವೆ ಮಲಗಿದ ಅನುಭವ ಸಿಗುವುದು ಇಲ್ಲಿ ಮಾತ್ರ ಎಂದರೆ ತಪ್ಪಾಗದು. ಕುಟೀರಗಳ ಸಂಖ್ಯೆ ಕಡಿಮೆ, ಸೌಕರ್ಯ ಸಾಧಾರಣ, ನೀರಿನ ಸ್ಥಿತಿ ನೋಡಿಕೊಂಡು ಕೊಡುವುದರಿಂದ ಹೊರಡುವ ಮುನ್ನ ವಿಚಾರಿಸಲೇಬೇಕು. ಕೊಂಚ ಹೆಚ್ಚು ಖರ್ಚು ಮಾಡಬಲ್ಲವರಿಗೆ ದುಬಾರೆಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ಇದೆ. ಅಲ್ಲಿ ಊಟ ಮತ್ತು ಚಟುವಟಿಕೆಗಳನ್ನೂ ಸೇರಿಸಿ ಒಬ್ಬೊಬ್ಬರಿಗೆ ದರ ಹಾಕುತ್ತಾರೆ, ಹಾಗಾಗಿ ದೊಡ್ಡ ಕುಟುಂಬಕ್ಕೆ ಮೊತ್ತ ಬೇಗ ಏರುತ್ತದೆ. ಕುಶಾಲನಗರದ ಲಾಡ್ಜುಗಳೂ ಸುತ್ತಲಿನ ಕಾಫಿ ತೋಟಗಳ ಹೋಂಸ್ಟೇಗಳೂ ನಡುವಿನ ದಾರಿ.

ಕೊರತೆಗಳನ್ನೂ ಹೇಳಬೇಕು. ವಾರಾಂತ್ಯದಲ್ಲಿ ಜನ ಕಿಕ್ಕಿರಿದಿರುತ್ತಾರೆ. ಶಾಲಾ ಪ್ರವಾಸದ ಬಸ್ಸುಗಳು ಬರುವ ಡಿಸೆಂಬರಿನಲ್ಲಿ ತೂಗುಸೇತುವೆಯ ಮೇಲೆ ಸಾಲು ಹಿಡಿಯಬೇಕಾಗುತ್ತದೆ. ತೂಗುವ ಸೇತುವೆ ಮಕ್ಕಳಿಗೆ ಆಟ, ತಲೆಸುತ್ತು ಬರುವ ಹಿರಿಯರಿಗೆ ಕಷ್ಟ. ಮಳೆಗಾಲದ ವಿಷಯವನ್ನಂತೂ ಹಗುರವಾಗಿ ತೆಗೆದುಕೊಳ್ಳಬಾರದು: 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೇ ಕಾವೇರಿ ನುಗ್ಗಿತ್ತು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಗೆಂದೇ ಯೋಜನೆ ಹಾಕುವುದು ಬೇಡ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ನೋಡಲು ಕೊಡಗಿಗೆ ಬರುವವರು ಬಹಳ, ಆ ದಿನಗಳಲ್ಲಿ ಕೋಣೆ ಸಿಗುವುದು ದುಸ್ತರ. ಇವೆಲ್ಲವನ್ನೂ ಕಳೆದರೆ ಉಳಿಯುವ ನವೆಂಬರಿನಿಂದ ಮೇ ತಿಂಗಳವರೆಗಿನ ಕಾಲ ಇದರ ಒಳ್ಳೆಯ ಕಾಲ.

ಶ್ರೀರಂಗಪಟ್ಟಣ: ಇತಿಹಾಸದ ಮೇಲೆ ನಡೆಯುವ ಊರು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮೂರರಲ್ಲಿ ಜನ ಅತಿ ಕಡಿಮೆ ಸಮಯ ಕೊಡುವುದು ಈ ಊರಿಗೇ. ಮೈಸೂರಿಗೆ ಹೋಗುವ ದಾರಿಯಲ್ಲಿ ಒಂದೆರಡು ಗಂಟೆ ನಿಂತು ದೇವಸ್ಥಾನ, ಗುಂಬಜ್, ಸಂಗಮ ನೋಡಿ ಹೊರಟುಬಿಡುತ್ತಾರೆ. ಸುಮಾರು ಐದು ಕಿಲೋಮೀಟರ್ ಉದ್ದದ ಈ ನಡುಗಡ್ಡೆ ಒಂದು ರಾತ್ರಿ ತಂಗಿ, ಎರಡು ಬೆಳಗು ನಡೆದು ನೋಡಬೇಕಾದ ಜಾಗ.

ಶ್ರೀರಂಗನಾಥಸ್ವಾಮಿ ದೇವಾಲಯವನ್ನು ಗಂಗರ ಕಾಲದಲ್ಲಿ, 894ರಲ್ಲಿ ತಿರುಮಲಯ್ಯ ಎಂಬವನು ಕಟ್ಟಿಸಿದನೆಂದು ಪ್ರತೀತಿ. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ, ಮೂರೂ ನಡುಗಡ್ಡೆಗಳೇ. ವಿಜಯನಗರದ ಅಧೀನದಲ್ಲಿ 1454ರಲ್ಲಿ ತಿಮ್ಮಣ್ಣ ನಾಯಕ ಕೋಟೆ ಕಟ್ಟಿಸಿದ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡು ಇಲ್ಲಿಂದಲೇ ಆಳತೊಡಗಿದರು, ದಸರಾ ಆಚರಣೆಯನ್ನು ಆರಂಭಿಸಿದರು. ಅಲ್ಲಿಂದ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿ ಇದೇ ನಡುಗಡ್ಡೆ. ಈಗಲೂ ಶ್ರೀರಂಗಪಟ್ಟಣ ದಸರಾದ ಮೆರವಣಿಗೆ ಕಿರಂಗೂರು ಬನ್ನಿಮಂಟಪದಿಂದ ಹೊರಡುತ್ತದೆ. ಮೈಸೂರಿನ ನೂಕುನುಗ್ಗಲಿಗೆ ಹೆದರುವವರು ಇದನ್ನು ನೋಡಬಹುದು.

ನೀರು ಈ ಊರಿನ ಭವಿಷ್ಯವನ್ನೇ ಬರೆದಿದೆ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದು ಪಟ್ಟಣದ ಸಮೀಪಕ್ಕೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಸುರಿವ ಮಳೆಯಿಂದಲೂ ಆಹಾರದ ಕೊರತೆಯಿಂದಲೂ ಮುತ್ತಿಗೆ ಹಾಕಲಾಗದೆ ಹಿಂತಿರುಗಿತು. 1799ರಲ್ಲಿ ಬ್ರಿಟಿಷರು ಅದಕ್ಕೆ ಅವಕಾಶ ಕೊಡಲಿಲ್ಲ. ಮುಂಗಾರಿನ ನೀರು ಏರುವ ಮೊದಲೇ ಕೋಟೆಯ ಗೋಡೆಯಲ್ಲಿ ಬಿರುಕು ಮಾಡಿ, ಮೇ 4ರ ಮಧ್ಯಾಹ್ನ ನೀರು ಕಡಿಮೆಯಿದ್ದ ಕಾವೇರಿಯ ಬಂಡೆಗಳ ಮೇಲೆ ಹಾಯ್ದು ಒಳನುಗ್ಗಿದರು. ಆ ದಿನ ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದರು. ಕೋಟೆಯ ಪಶ್ಚಿಮದ ಕಡೆ ಮೇ ತಿಂಗಳಲ್ಲಿ ನಿಂತು ನದಿಯನ್ನು ನೋಡಿದರೆ ಆ ದಾಳಿ ಹೇಗೆ ಸಾಧ್ಯವಾಯಿತೆಂದು ಪುಸ್ತಕ ಓದದೆಯೂ ತಿಳಿಯುತ್ತದೆ; ಅದೇ ಜಾಗದಲ್ಲಿ ಆಗಸ್ಟ್‌ನಲ್ಲಿ ನಿಂತವರಿಗೆ ಅದನ್ನು ನಂಬುವುದೇ ಕಷ್ಟವಾಗುತ್ತದೆ.

ವಿಹಾರತಾಣವೆಂಬ ಅರ್ಥದಲ್ಲಿಯೂ ಈ ನಡುಗಡ್ಡೆಗೆ ಹಳೆಯ ಚರಿತ್ರೆಯಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬೇಸಿಗೆಯ ಅರಮನೆ. ಬಹುತೇಕ ತೇಗದ ಮರದಿಂದಾದ ಈ ಕಟ್ಟಡವನ್ನು ನದಿಯ ಪಕ್ಕದ ತೋಟದ ನಡುವೆ ತಂಪಿಗಾಗಿ ನಿಲ್ಲಿಸಿದ್ದಾರೆ. 1799ರ ನಂತರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲಕಾಲ ಇಲ್ಲಿಯೇ ವಾಸವಾಗಿದ್ದ. ಇದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಹೈದರ್ ಮತ್ತು ಟಿಪ್ಪುವಿನ ಸೈನ್ಯ ಸುತ್ತುವರಿದ ಚೌಕದ ನಡುವೆ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿ. ದೂರದಿಂದ ಬಣ್ಣದ ಹಾಸಿನಂತೆ ಕಾಣುವ ಈ ಗೋಡೆಯ ಹತ್ತಿರ ಹೋಗಿ ಒಂದು ಮೂಲೆಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದರೆ ಕುದುರೆಗಳ ಸಾಲು, ಪೇಟಗಳು, ಕತ್ತಿಗಳು, ಬಿದ್ದವರ ಮುಖಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಹೊರಗೆ ಬಿಸಿಲು ತಡೆಯಲು ಇಳಿಬಿಟ್ಟ ಪರದೆಗಳಿಂದಾಗಿ ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳಲು ಬಿಡಬೇಕು, ಅವಸರ ಮಾಡಬಾರದು. ಗುಂಬಜ್‌ನಲ್ಲಿ ಹೈದರ್ ಅಲಿ, ಅವರ ಪತ್ನಿ ಮತ್ತು ಟಿಪ್ಪುವಿನ ಸಮಾಧಿಗಳಿವೆ. ಸುತ್ತಲಿನ ನುಣುಪಾದ ಕಪ್ಪುಕಲ್ಲಿನ ಕಂಬಗಳೂ ದಂತದ ಕುಸುರಿಯ ಬಾಗಿಲುಗಳೂ ಒಳಗೋಡೆಯ ಹುಲಿಪಟ್ಟೆಯ ಬಣ್ಣವೂ ನೋಡತಕ್ಕವು.

ಶ್ರೀರಂಗಪಟ್ಟಣದ ಆಯ್ಕೆಗೆ ತೂಕ ಕೊಡುವ ಇನ್ನೊಂದು ಸಂಗತಿ ಹತ್ತಿರದ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ನಡುವೆ, ನದಿಗೆ ಒಡ್ಡು ಹಾಕಿದ್ದರಿಂದ ಈ ತಿಟ್ಟುಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ರಾಮ್‌ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಅರಣ್ಯ ಇಲಾಖೆಯ ದೋಣಿಯಲ್ಲಿ ಹುಟ್ಟುಹಾಕುವವರು ಬಂಡೆಗಳ ಅಂಚಿಗೆ ಒಯ್ದು ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಾಯ್ಕಳಕ ಕೊಕ್ಕರೆಗಳನ್ನು ಹೆಸರು ಹಿಡಿದು ತೋರಿಸುತ್ತಾರೆ. ಬಂಡೆಯ ಮೇಲೆ ಬಾಯ್ತೆರೆದು ಬಿಸಿಲು ಕಾಯಿಸುವ ಮೊಸಳೆಗಳು ಮಕ್ಕಳನ್ನು ಮಾತಿಲ್ಲದಂತೆ ಮಾಡುತ್ತವೆ. ಡಿಸೆಂಬರಿನಿಂದ ವಲಸೆ ಹಕ್ಕಿಗಳು, ಬೇಸಿಗೆಯಲ್ಲಿ ಗೂಡು ಮತ್ತು ಮರಿಗಳು. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ದೋಣಿಯಿಲ್ಲದ ರಂಗನತಿಟ್ಟನ್ನು ದಡದಿಂದ ನೋಡಬಹುದು, ಆದರೆ ಸೊಗಸು ಅರ್ಧಕ್ಕಿಳಿಯುತ್ತದೆ.

ದಾರಿ ಮತ್ತು ಹಣದ ದೃಷ್ಟಿಯಿಂದ ಮೂರರಲ್ಲಿ ಇದೇ ಅಗ್ಗ ಮತ್ತು ಸುಲಭ. ಬೆಂಗಳೂರಿನಿಂದ ಸುಮಾರು 125 ಕಿ.ಮೀ., ಮೈಸೂರಿನಿಂದ ಸುಮಾರು 15 ಕಿ.ಮೀ.; ಬೆಂಗಳೂರು–ಮೈಸೂರು ರೈಲುಗಳಲ್ಲಿ ಹಲವು ಇಲ್ಲಿ ನಿಲ್ಲುತ್ತವೆ, ಸ್ವಂತ ವಾಹನವೇ ಬೇಕೆಂದಿಲ್ಲ. ಕಾರಿನಲ್ಲಿ ಬರುವವರು ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿನಿಂದ ಹಾದುಹೋಗುತ್ತದೆಂಬುದನ್ನು ನೆನಪಿಟ್ಟು ಮೊದಲೇ ಇಳಿಯಬೇಕು. ತಂಗಲು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂ ಕಾವೇರಿಯ ದಡದಲ್ಲೇ ಇದೆ. ಕೋಣೆಗಳು ಆಡಂಬರದವಲ್ಲ, ಜಾಗಕ್ಕೆ ಮಾತ್ರ ಸಾಟಿಯಿಲ್ಲ. ಹೆಚ್ಚಿನ ಸೌಕರ್ಯ ಬೇಕೆನ್ನುವವರಿಗೆ ಸುತ್ತಮುತ್ತಲಿನ ಖಾಸಗಿ ರೆಸಾರ್ಟುಗಳಿವೆ, ಮೈಸೂರಿನ ಹೋಟೆಲುಗಳಂತೂ ಇದ್ದೇ ಇವೆ.

ಇಲ್ಲಿಯ ತೊಡಕೆಂದರೆ ಇದು ಜನವಸತಿಯ ಊರು, ಏಕಾಂತವನ್ನು ನಿರೀಕ್ಷಿಸಬಾರದು. ಸಂಗಮ, ಗೋಸಾಯಿ ಘಾಟ್ ಮತ್ತು ಪಶ್ಚಿಮವಾಹಿನಿಗೆ ಜನ ಅಪರಕರ್ಮಕ್ಕೆ, ಅಸ್ಥಿ ವಿಸರ್ಜನೆಗೆ ಬರುತ್ತಾರೆ. ಅಮಾವಾಸ್ಯೆಯಂದು ಗಂಜಾಂ ನಿಮಿಷಾಂಬ ದೇವಾಲಯಕ್ಕೆ ಬರುವ ಭಕ್ತರಿಂದ ರಸ್ತೆಗಳು ತುಂಬಿರುತ್ತವೆ. ಪಂಚಾಂಗ ನೋಡಿ ಹೊರಟರೆ ಅನುಕೂಲ: ದರ್ಶನಕ್ಕೆ ಹೋಗುವವರಿಗೆ ಅದೇ ದಿನ ಬೇಕು, ವಿಶ್ರಾಂತಿಗೆ ಬರುವವರಿಗೆ ಆ ದಿನ ಬೇಡ. ಬೇಸಿಗೆಯ ನಡುಹಗಲಿನಲ್ಲಿ ಬಿಸಿಲು ಜೋರು, ಸ್ಮಾರಕಗಳ ನಡುವೆ ನೆರಳು ಕಡಿಮೆ.

ಶಿವನಸಮುದ್ರ: ಎರಡು ತಿಂಗಳಿಗಾಗಿ ಕಾಯಬೇಕಾದ ಜಾಗ

ಕಾವೇರಿ ಇಲ್ಲಿ ಎರಡು ಕವಲಾಗಿ ನಡುಗಡ್ಡೆಯನ್ನು ಸುತ್ತುವರಿದು, ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕುತ್ತದೆ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಜಲಾಶಯಗಳಿಂದ ನೀರು ಬಿಟ್ಟ ದಿನಗಳಲ್ಲಿ, ಇದಕ್ಕೆ ಸಮನಾದ ದೃಶ್ಯ ದಕ್ಷಿಣ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದೇ ಜಾಗ ಮಾರ್ಚ್ ತಿಂಗಳಲ್ಲಿ ಕರಿಬಂಡೆಗಳ ಗೋಡೆ. ಇದ್ದ ನೀರಿನ ಬಹುಭಾಗ ವಿದ್ಯುತ್ ಕೇಂದ್ರದ ಕಾಲುವೆಗೆ ಹೋಗಿರುತ್ತದೆ.

ಆ ವಿದ್ಯುತ್ ಕೇಂದ್ರವೇ ಈ ನಡುಗಡ್ಡೆಯ ಇತಿಹಾಸದ ದೊಡ್ಡ ಅಧ್ಯಾಯ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯಂತೆ ನಿರ್ಮಾಣವಾದ ಈ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದೂ ಇದೇ ನೀರಿನಿಂದ. ಸ್ಥಳೀಯರು ಬ್ಲಫ್ ಎಂದು ಕರೆಯುವ ಈ ಕೇಂದ್ರದೊಳಕ್ಕೆ ಪೂರ್ವಾನುಮತಿಯಿಲ್ಲದೆ ಹೋಗಲಾಗದು. ಅದಕ್ಕಿಂತ ಬಹಳ ಹಿಂದೆ, ಹದಿನಾರನೆಯ ಶತಮಾನದ ಆರಂಭದಲ್ಲಿ, ಉಮ್ಮತ್ತೂರಿನ ಗಂಗರಾಜನ ಕೋಟೆ ಇಲ್ಲಿತ್ತು, ಕೃಷ್ಣದೇವರಾಯನ ಸೈನ್ಯ ಅದನ್ನು ಗೆದ್ದುಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜಹಗೀರುದಾರ ರಾಮಸ್ವಾಮಿ ಮುದಲಿಯಾರ್ ಕಾಡು ಹಬ್ಬಿದ್ದ ನಡುಗಡ್ಡೆಗೆ ಕಲ್ಲುಕಂಬಗಳ ಸೇತುವೆಗಳನ್ನು ಕಟ್ಟಿಸಿ ಮತ್ತೆ ಜನರನ್ನು ತಂದರು; ಅವುಗಳಲ್ಲಿ ವೆಸ್ಲಿ ಸೇತುವೆಯೆಂದು ಹೆಸರಾದದ್ದರ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯ 1804ರಲ್ಲಿ ಪೂರ್ಣಗೊಳಿಸಿದ ವೆಲ್ಲೆಸ್ಲಿ ಸೇತುವೆ ಬೇರೆ, ಇದು ಬೇರೆ. ಹೆಸರಿನ ಸಾಮ್ಯದಿಂದ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಮಧ್ಯರಂಗನ ಗುಡಿ ನಡುಗಡ್ಡೆಯ ಮೇಲಿದೆ, ಅಲ್ಲಿ ಜನಸಂದಣಿಯಿಲ್ಲ. ಆದಿರಂಗ ನೋಡಿದವರು ಇದನ್ನು ಬಿಡದೆ ನೋಡಬೇಕು.

ಒಂದು ಮುಖ್ಯ ವಿಷಯ: ಗಗನಚುಕ್ಕಿಯ ಪೂರ್ಣ ನೋಟ ಸಿಗುವುದು ನಡುಗಡ್ಡೆಯಿಂದಲ್ಲ, ಎದುರಿನ ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ. ಭರಚುಕ್ಕಿಗೆ ಸತ್ತೇಗಾಲದ ಕಡೆಯಿಂದ ಬಳಸಿ ಹೋಗಬೇಕು. ಎರಡನ್ನೂ ನೋಡಲು ವಾಹನ ಬೇಕೇ ಬೇಕು. ಬಸ್ಸಿನಲ್ಲಿ ಬರುವವರು ಕನಕಪುರ–ಮಳವಳ್ಳಿ ಮಾರ್ಗದ ಕೊಳ್ಳೇಗಾಲದ ಬಸ್ಸಿನಲ್ಲಿ ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಆಟೊ ಮಾತಾಡಿಕೊಳ್ಳಬೇಕಾಗುತ್ತದೆ, ಹಿಂತಿರುಗುವ ಬಾಡಿಗೆಯನ್ನೂ ಸೇರಿಸಿ ಮಾತಾಡುವುದು ಕ್ಷೇಮ. ವೀಕ್ಷಣಾ ಸ್ಥಳಗಳಿಗೆ ಹಿರಿಯರು ನಿರಾಯಾಸವಾಗಿ ಹೋಗಬಲ್ಲರು. ಭರಚುಕ್ಕಿಯ ಬುಡಕ್ಕಿಳಿಯುವ ಮೆಟ್ಟಿಲುಗಳು ಗಟ್ಟಿ ಕಾಲಿನವರಿಗೆ ಮಾತ್ರ; ನೀರು ಜೋರಾಗಿದ್ದಾಗ ಅವನ್ನು ಮುಚ್ಚುತ್ತಾರೆ, ನೀರು ತಗ್ಗಿದ ಮೇಲೆ ಕೆಳಗೆ ತೆಪ್ಪದ ಸವಾರಿ ಸಿಗುತ್ತದೆ. ಬೇಲಿ ದಾಟಿ ಬಂಡೆಗಳ ಮೇಲೆ ಇಳಿಯುವುದನ್ನು ಯಾರೂ ಮಾಡಬಾರದು; ಮೇಲೆ ಮೋಡವಿಲ್ಲದ ದಿನವೂ ದೂರದ ಜಲಾಶಯದ ನೀರು ಇಲ್ಲಿಗೆ ಬಂದು ತಲುಪುತ್ತದೆ.

ವಸತಿಯ ಆಯ್ಕೆ ಇಲ್ಲಿ ಸಂಕುಚಿತ. ಜಲಪಾತದ ಬಳಿ ಸರ್ಕಾರಿ ವಸತಿಯೂ ಮಳವಳ್ಳಿ ರಸ್ತೆಯಲ್ಲಿ ಕೆಲವು ಖಾಸಗಿ ರೆಸಾರ್ಟುಗಳೂ ಇವೆಯಾದರೂ ನೀರಿನ ವಾರಾಂತ್ಯಗಳಲ್ಲಿ ಅವು ತುಂಬಿರುತ್ತವೆ. ಊಟಕ್ಕೆ ಮಳವಳ್ಳಿ ಅಥವಾ ಕೊಳ್ಳೇಗಾಲವನ್ನು ನೆಚ್ಚಬೇಕು. ಬೆಂಗಳೂರಿನಿಂದ ಸುಮಾರು 130 ಕಿ.ಮೀ. ಇರುವುದರಿಂದ ಒಂದೇ ದಿನದಲ್ಲಿ ಹೋಗಿಬರುವುದು ಸಾಧ್ಯ, ನನ್ನ ದೃಷ್ಟಿಯಲ್ಲಿ ಅದೇ ಸರಿ. ಉಳಿದ ಹೊತ್ತಿಗೆ ಮರಳಿನಲ್ಲಿ ಹುದುಗಿದ ಗುಡಿಗಳ ತಲಕಾಡು ಮತ್ತು ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪದ ಸೋಮನಾಥಪುರ ಇವೆ.

ವಿರೂಪಾಪುರ ಗಡ್ಡೆಯ ಬಗ್ಗೆ ಒಂದು ಮಾತು

ನದಿನಡುಗಡ್ಡೆಯ ರೆಸಾರ್ಟ್ ಎಂದಾಗ ಹಂಪಿಯ ಎದುರಿನ, ತುಂಗಭದ್ರೆಯ ವಿರೂಪಾಪುರ ಗಡ್ಡೆಯನ್ನು ಹಲವರು ಈಗಲೂ ಕೇಳುತ್ತಾರೆ. ಹುಲ್ಲುಮಾಡಿನ ಗುಡಿಸಲುಗಳು, ಗದ್ದೆಗಳ ನಡುವಿನ ಕಟ್ಟೆಗಳು, ಹೊರದೇಶದ ಯುವಜನರ ಓಡಾಟ – ಆ ಕಾಲ ಮುಗಿದಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡು ರಕ್ಷಣಾಪಡೆಗಳು ಅವರನ್ನು ಹೊರತರಬೇಕಾಯಿತು. ಪಾರಂಪರಿಕ ಪ್ರದೇಶದಲ್ಲಿ ಅಕ್ರಮವಾಗಿ ತಲೆಯೆತ್ತಿದ ರೆಸಾರ್ಟುಗಳ ತೆರವಿನ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ ಅವುಗಳನ್ನು ಕೆಡವಲಾಯಿತು. ಹಳೆಯ ಪ್ರವಾಸ ಬರಹಗಳನ್ನು ನಂಬಿ ಅಲ್ಲಿಗೆ ಮುಂಗಡ ಕಳಿಸಬೇಡಿ. ಆ ಕಡೆ ಹೋಗುವವರು ಹೊಸಪೇಟೆ ಅಥವಾ ಆನೆಗೊಂದಿಯ ಸುತ್ತ ತಂಗುವುದು ಮೇಲು.

ಯಾರಿಗೆ ಯಾವುದು

ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು, ಸೀಮಿತ ಹಣದಲ್ಲಿ, ಒಂದು ರಾತ್ರಿಗೆ ಹೊರಡುವವರು ಹಿಂದುಮುಂದು ನೋಡದೆ ಶ್ರೀರಂಗಪಟ್ಟಣವನ್ನು ಆರಿಸಬಹುದು. ರೈಲಿನಲ್ಲಿ ಬಂದು, ಆಟೊ ಹಿಡಿದು, ದೇವರ ದರ್ಶನ ಮುಗಿಸಿ ಸಂಜೆ ನದಿಯ ಮುಂದೆ ಕುಳಿತುಕೊಳ್ಳಲು ಸಾಧ್ಯವಿರುವ ಜಾಗ ಇದೊಂದೇ. ಶಾಲೆಯ ಮಕ್ಕಳಿರುವ ಕುಟುಂಬಕ್ಕೆ ಬೇಸಿಗೆ ರಜೆಯಲ್ಲಿ ಎರಡು ರಾತ್ರಿಗಳ ಬಿಡುವಿದ್ದರೆ ನಿಸರ್ಗಧಾಮ ಮತ್ತು ದುಬಾರೆ ಸೇರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನಿಂದ ಸುಮಾರು 225 ಕಿ.ಮೀ. ಇರುವ ಆ ದಾರಿಯನ್ನು ಒಂದೇ ರಾತ್ರಿಗಾಗಿ ಸವೆಸುವುದು ಮಕ್ಕಳಿಗೂ ಶ್ರಮ, ಚಾಲಕರಿಗೂ ಶ್ರಮ. ಅದೇ ಕುಟುಂಬಕ್ಕೆ ಡಿಸೆಂಬರ್ ರಜೆಯಾದರೆ ನಾನು ರಂಗನತಿಟ್ಟಿಗೇ ಮೊದಲ ಸ್ಥಾನ ಕೊಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಬಿಡುವು ಸಿಗುವವರಿಗೆ, ವಿದೇಶದಿಂದ ಜುಲೈ–ಆಗಸ್ಟ್‌ನಲ್ಲಿ ಊರಿಗೆ ಬರುವ ಕನ್ನಡಿಗರಿಗೆ, ಶಿವನಸಮುದ್ರವೇ ಉತ್ತರ. ಆ ತಿಂಗಳುಗಳಲ್ಲಿ ಉಳಿದೆರಡು ನಡುಗಡ್ಡೆಗಳು ತಮ್ಮ ಅರ್ಧ ಮುಖವನ್ನಷ್ಟೇ ತೋರಿಸುತ್ತವೆ. ಏಕಾಂತವನ್ನು ಬಯಸುವ ಗಂಡಹೆಂಡಿರು ನವೆಂಬರ್ ಅಥವಾ ಫೆಬ್ರವರಿಯ ವಾರದ ನಡುದಿನಗಳಲ್ಲಿ ನಿಸರ್ಗಧಾಮದ ಕುಟೀರಕ್ಕೆ ಪ್ರಯತ್ನಿಸಲಿ. ಇತಿಹಾಸವನ್ನು ಪ್ರೀತಿಸುವವರಿಗೆ ಅಕ್ಟೋಬರಿನ ಕೊನೆಯ ದಿನಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ತಲಕಾಡಿನ ಮೇಲಿಂದ ಶಿವನಸಮುದ್ರಕ್ಕೆ ಬಂದು ಬೆಂಗಳೂರು ಸೇರುವ ಸುತ್ತನ್ನು ಶಿಫಾರಸು ಮಾಡುತ್ತೇನೆ. ಆಗ ಜಲಪಾತದಲ್ಲಿ ಇನ್ನೂ ನೀರಿರುತ್ತದೆ, ಬಿಸಿಲು ಇಳಿದಿರುತ್ತದೆ, ಆದಿರಂಗ ಮಧ್ಯರಂಗಗಳೆರಡೂ ಒಂದೇ ಪ್ರವಾಸದಲ್ಲಿ ಆಗುತ್ತವೆ.

ಖಾಸಗಿ ರೆಸಾರ್ಟಿಗೆ ಮುಂಗಡ ಕಳಿಸುವ ಮೊದಲು ಫೋನಿನಲ್ಲಿ ಕೆಲವನ್ನು ನೇರವಾಗಿ ಕೇಳಿ. ಕೋಣೆ ನಡುಗಡ್ಡೆಯ ಮೇಲಿದೆಯೇ, ದಡದಲ್ಲಿದೆಯೇ? ನದಿ ಏರಿದರೆ ಅತಿಥಿಗಳನ್ನು ಯಾವ ದಾರಿಯಿಂದ ಹೊರಗೆ ಕರೆತರುತ್ತಾರೆ? ಆಡಳಿತ ಪ್ರವೇಶ ನಿಷೇಧಿಸಿದರೆ ಹಣ ಮರಳಿ ಸಿಗುತ್ತದೆಯೇ ಅಥವಾ ಬೇರೆ ದಿನ ಕೊಡುತ್ತಾರೆಯೇ? ದರದಲ್ಲಿ ಊಟ ಮತ್ತು ದೋಣಿ ಸೇರಿವೆಯೇ? ಉತ್ತರಗಳನ್ನು ಮೆಸೇಜಿನಲ್ಲಿಯೂ ಬರೆಸಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಪ್ರವಾಸವಾದರೆ ಹೊರಡುವ ಹಿಂದಿನ ದಿನ ಕೊಡಗಿನ ಮಳೆಯ ಸುದ್ದಿಯನ್ನೂ ಕನ್ನಂಬಾಡಿ ಮತ್ತು ಕಬಿನಿಯ ಹೊರಹರಿವಿನ ಲೆಕ್ಕವನ್ನೂ ಪತ್ರಿಕೆಯಲ್ಲಿ ನೋಡಿ; ಹೊರಹರಿವು ಹಿಂದಿನ ದಿನಕ್ಕಿಂತ ಬಹಳ ಹೆಚ್ಚಿದ್ದರೆ ರಂಗನತಿಟ್ಟನ್ನು ಬಿಟ್ಟು ಶಿವನಸಮುದ್ರದ ಕಡೆ ಗಾಡಿ ತಿರುಗಿಸಿ.